ಶಿವನಸಮುದ್ರಕ್ಕೆ ಬಂದ ಸ್ವಿಸ್ ಚಕ್ರಗಳು

ಈ ಪುಟಗಳಲ್ಲಿ ವೈದ್ಯರ ಬರಹವೆಂದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಡೆಂಗಿ ಜ್ವರ ಇಷ್ಟರೊಳಗೇ ಇರಬೇಕೆಂಬ ನಿರೀಕ್ಷೆ ಸಹಜವಾದುದು. ನಾವೂ ಇದುವರೆಗೆ ಆ ಗೆರೆಯನ್ನು ದಾಟಿದವರಲ್ಲ. ಈ ಸಲ ಮಾತ್ರ ಟರ್ಬೈನು ಮತ್ತು ಕಂಪ್ರೆಸರುಗಳನ್ನು ತಯಾರಿಸುತ್ತಿದ್ದ ಒಂದು ಕಾರ್ಖಾನೆಯ ಚರಿತ್ರೆಯನ್ನು ಸದಸ್ಯ ಬಂಧುಗಳ ಮುಂದಿಡಲು ಹೊರಟಿದ್ದೇವೆ. ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ಪ್ರತಿ ವರ್ಷ ನವೆಂಬರ್ ತಿಂಗಳು ಬಂದೊಡನೆ ನಮ್ಮೆಲ್ಲರ ಫೋನುಗಳಲ್ಲಿ ಸುತ್ತತೊಡಗುವ ಒಂದು ಸಂದೇಶ. 'ಏಷ್ಯಾ ಖಂಡದಲ್ಲೇ ಮೊಟ್ಟಮೊದಲು ಜಲವಿದ್ಯುತ್ತನ್ನು ಉತ್ಪಾದಿಸಿದ್ದು ನಮ್ಮ ಶಿವನಸಮುದ್ರ' ಎಂದು ಅದು ಸಾರುತ್ತದೆ. ಕಳೆದ ರಾಜ್ಯೋತ್ಸವದಲ್ಲಿ ಮಕ್ಕಳು ಇದನ್ನೇ ಚಿತ್ರಪಟಗಳ ಸಮೇತ ವೇದಿಕೆಯ ಮೇಲೆ ವಿವರಿಸಿದರು. ಸಭೆ ಕರತಾಡನ ಮಾಡಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಏಳೆಂಟು ವರ್ಷದ ಹುಡುಗನೊಬ್ಬ ಮಾತ್ರ, 'ಆ ಮಿಷಿನ್ ಮಾಡಿದ್ದು ಯಾರು?' ಎಂದು ಗಟ್ಟಿಯಾಗಿಯೇ ಕೇಳಿದ. ಆತನಿಗೆ ಯಾರೂ ಉತ್ತರ ಕೊಡಲಿಲ್ಲ.

ಎರಡನೆಯದು, ನಮ್ಮ ಹಿರಿಯ ನಾಗರಿಕರ ತಪಾಸಣಾ ಶಿಬಿರ. ಮಕ್ಕಳ ಮನೆಗೆಂದು ಊರಿನಿಂದ ಬಂದು ಒಂದೆರಡು ತಿಂಗಳು ತಂಗುವ ತಂದೆತಾಯಿಗಳಿಗಾಗಿ ಸಂಘವು ನಡೆಸುವ ಆ ಶಿಬಿರಕ್ಕೆ ಎಪ್ಪತ್ತೆಂಟು ವರ್ಷದ ಯಜಮಾನರೊಬ್ಬರು ಬಂದಿದ್ದರು. ಮಗ ಪಕ್ಕದಲ್ಲಿ ನಿಂತು ನಮ್ಮ ಪ್ರತಿಯೊಂದು ಮಾತನ್ನೂ ಅವರ ಕಿವಿಯ ಬಳಿ ಕೂಗಿ ಹೇಳಬೇಕಾಗಿತ್ತು. ನಾಡಿನ ಒಂದು ಕಾರ್ಖಾನೆಯ ಪವರ್ ಹೌಸಿನಲ್ಲಿ ಮೂವತ್ತೆರಡು ವರ್ಷ ಟರ್ಬೈನು ನೋಡಿಕೊಂಡವರು ಅವರು. ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದುದೇ ಅವರಿಗಿದ್ದ ರಕ್ಷಣೆ. ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಆ ಕಾಲದಲ್ಲಿ ಬಹುತೇಕ ಎಲ್ಲೆಡೆಯೂ ಇದ್ದ ಪರಿಸ್ಥಿತಿ ಅದೇ.

'ಡಾಕ್ಟ್ರೇ, ಆ ಮಿಷಿನ್ ಮೇಲೆ ಒಂದು ಹಿತ್ತಾಳೆ ಬಿಲ್ಲೆ ಇತ್ತು. ದಿನಾ ಬೆಳಿಗ್ಗೆ ಒರೆಸ್ತಿದ್ದೆ. ಒರೆಸಿ ಒರೆಸಿ ಅಕ್ಷರಾನೇ ಸವೆದುಹೋಗಿತ್ತು. ಸ್ವಿಜರ್ಲ್ಯಾಂಡ್ ಅನ್ನೋದೊಂದು ಮಾತ್ರ ಕಾಣೋದು. ಆ ಕಂಪನಿ ಈಗ್ಲೂ ಐತೇನು?' ಎಂದರು.

ಶ್ರವಣ ಪರೀಕ್ಷೆಯ ಕಾಗದವನ್ನು ಕೈಯಲ್ಲಿ ಹಿಡಿದು ನಿಂತಿದ್ದ ನಮಗೆ ಆ ಪ್ರಶ್ನೆಯ ಉತ್ತರವೂ ತಿಳಿದಿರಲಿಲ್ಲ. ಅವರ ಬಿಲ್ಲೆಯ ಮೇಲೆ ಯಾರ ಹೆಸರಿತ್ತೆಂದು ಈಗ ನಿರ್ಧರಿಸಲಾಗದು. ಸ್ವಿಟ್ಜರ್ಲೆಂಡಿನಲ್ಲಿ ಟರ್ಬೈನು ಮಾಡುತ್ತಿದ್ದ ಹೆಸರಾಂತ ಮನೆತನಗಳು ಒಂದಕ್ಕಿಂತ ಹೆಚ್ಚಿದ್ದವು. ಆದರೆ ಹುಡುಗನ ಪ್ರಶ್ನೆಯನ್ನೂ ಅಜ್ಜನ ಪ್ರಶ್ನೆಯನ್ನೂ ಒಟ್ಟಿಗೆ ಹಿಡಿದು ಹೊರಟರೆ ನಾವು ತಲಪುವ ಹೆಸರು ಒಂದೇ: ಜ್ಯೂರಿಕ್ ನಗರದ ಎಶರ್ ವಿಸ್.

ಮೊದಲು ಆ ನವೆಂಬರ್ ಸಂದೇಶವನ್ನು ತಿದ್ದಿಬಿಡೋಣ. ಜಪಾನಿನ ಕ್ಯೋಟೋ ನಗರದ ಕೆಆಗೆ ಎಂಬಲ್ಲಿ 1891ರಲ್ಲೇ ಜಲವಿದ್ಯುತ್ ಸ್ಥಾವರವಿತ್ತು. ಭಾರತದಲ್ಲಿಯೇ ಡಾರ್ಜಿಲಿಂಗಿನ ಸಿದ್ರಾಪೊಂಗ್ ಸ್ಥಾವರ 1897ರಲ್ಲಿ ಆರಂಭವಾಗಿತ್ತು. ಶಿವನಸಮುದ್ರದಲ್ಲಿ ವಿದ್ಯುತ್ ಹರಿದದ್ದು 1902ರ ಜೂನ್ 30ರಂದು. ಆದ್ದರಿಂದ 'ಮೊಟ್ಟಮೊದಲು' ಎಂಬ ಬಿರುದು ಸಲ್ಲದು. ಅದನ್ನು ಕಳೆದುಕೊಂಡರೆ ನಮಗೇನೂ ನಷ್ಟವಿಲ್ಲ, ಏಕೆಂದರೆ ನಿಜವಾದ ಸಂಗತಿ ಅದಕ್ಕಿಂತ ಸ್ವಾರಸ್ಯವಾದುದು. ಕಾವೇರಿಯ ಜಲಪಾತದ ಬಳಿ ಹುಟ್ಟಿದ ವಿದ್ಯುತ್ತನ್ನು 35,000 ವೋಲ್ಟುಗಳ ಒತ್ತಡದಲ್ಲಿ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಲಾಯಿತು. ಅಂದಿನ ಲೋಕದಲ್ಲಿ ಅಷ್ಟು ಉದ್ದದ ತಂತಿಯ ಮಾರ್ಗ ಬಲು ವಿರಳ. ಮೈಸೂರಿನ ಸಾಹಸವಿದ್ದುದು ಆ ದೂರದಲ್ಲಿ.

ಆ ಸಾಹಸದ ಪಾತ್ರಧಾರಿಗಳ ಪಟ್ಟಿಯನ್ನು ನೋಡಿದರೆ ಇಂದಿನ ಸಿಂಗಪುರದ ಯಾವುದೋ ಯೋಜನೆಯ ಕಡತವನ್ನು ಓದಿದಂತಾಗುತ್ತದೆ. ಯೋಜನೆಗೆ ಬೆನ್ನೆಲುಬಾದವರು ದಿವಾನ್ ಕೆ. ಶೇಷಾದ್ರಿ ಅಯ್ಯರ್. ಯೋಜನೆಯ ನಕ್ಷೆಯನ್ನು ಕೈಗೆತ್ತಿಕೊಂಡು ದೇಶದೇಶಗಳ ಕಾರ್ಖಾನೆಗಳನ್ನು ಸುತ್ತಿ ಬಂದವರು ಕೆನಡಾದ ಕ್ವಿಬೆಕ್ ಮೂಲದ, ಬ್ರಿಟಿಷ್ ಸೇನೆಯ ಎಂಜಿನಿಯರ್ ದಳದ ಜೋಲಿ ದ ಲಾಟ್ಬಿನಿಯೇರ್. ಹಣ ಮೈಸೂರಿನ ಬೊಕ್ಕಸದ್ದು. ವಿದ್ಯುತ್ ಕೊಳ್ಳುವ ಗಿರಾಕಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿದ್ದ ಗಣಿಗಳು. ವಿದ್ಯುಜ್ಜನಕ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಸುಮಾರು 400 ಅಡಿ ಕೆಳಕ್ಕೆ ಧುಮುಕುವ ನೀರನ್ನು ಎದೆಗೊಟ್ಟು ತಡೆದು ತಿರುಗಬೇಕಾದ ಚಕ್ರಗಳು, ಅಂದರೆ ಟರ್ಬೈನುಗಳು, ಎಶರ್ ವಿಸ್ ಕಂಪನಿಯವು. ತಲಾ 720 ಕಿಲೋವಾಟಿನ ಆರು ಘಟಕಗಳು. ಸಮುದ್ರ ದಾಟಿ, ರೈಲು ಏರಿ ಬಂದ ಭಾರವಾದ ಭಾಗಗಳನ್ನು ಮುಂದಿನ ಕಚ್ಚಾ ಹಾದಿಯಲ್ಲಿ ಎಳೆದವು ಎತ್ತಿನ ಗಾಡಿಗಳು ಮತ್ತು ಆನೆಗಳು.

ಶೇಷಾದ್ರಿ ಅಯ್ಯರ್ ಅವರು 1901ರ ಸೆಪ್ಟೆಂಬರಿನಲ್ಲಿಯೇ ತೀರಿಕೊಂಡರು. ಚಕ್ರ ತಿರುಗಿದ್ದನ್ನು ಅವರು ನೋಡಲಿಲ್ಲ. ಆಗ ರಾಜ್ಯವನ್ನು ನಡೆಸುತ್ತಿದ್ದವರು ವಾಣಿವಿಲಾಸ ಸನ್ನಿಧಾನದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ಈ ಸಂಗತಿಯನ್ನು ನಮ್ಮ ಮಕ್ಕಳ ಚಿತ್ರಪಟಗಳಲ್ಲಿ ನಾವು ಕಾಣಲಿಲ್ಲವೆಂಬುದು ಸ್ವಲ್ಪ ಬೇಸರದ ವಿಷಯ.

ಇನ್ನು ಎಶರ್ ವಿಸ್. 1805ರಲ್ಲಿ ಹಾನ್ಸ್ ಕಾಸ್ಪರ್ ಎಶರ್ ಎಂಬವರೂ ಸಾಲೊಮನ್ ಫಾನ್ ವಿಸ್ ಎಂಬ ಲೇವಾದೇವಿಯ ಮನೆತನದವರೂ ಪಾಲುದಾರರಾಗಿ ಜ್ಯೂರಿಕ್‌ನಲ್ಲಿ ತೆರೆದದ್ದು ಟರ್ಬೈನು ಕಾರ್ಖಾನೆಯನ್ನಲ್ಲ, ಹತ್ತಿ ನೂಲುವ ಗಿರಣಿಯನ್ನು. ಎಶರ್ ಕಲಿತದ್ದು ವಾಸ್ತುಶಿಲ್ಪ. ನೆಪೋಲಿಯನ್ ಬ್ರಿಟನ್ನಿನೊಡನೆ ವ್ಯಾಪಾರವನ್ನು ತಡೆಹಿಡಿದ ಕಾಲವದು. ಇಂಗ್ಲೆಂಡಿನ ನೂಲುವ ಯಂತ್ರಗಳು ಸಲೀಸಾಗಿ ಸಿಗುತ್ತಿರಲಿಲ್ಲ. ಬೇಕಾದ ಯಂತ್ರವನ್ನು ತಾವೇ ಮಾಡಿಕೊಂಡರು, ಬಳಿಕ ಅಕ್ಕಪಕ್ಕದ ಗಿರಣಿಗಳಿಗೂ ಮಾಡಿಕೊಟ್ಟರು. ಹಾಗೆ ನೂಲಿನ ಅಂಗಡಿ ಯಂತ್ರದ ಅಂಗಡಿಯಾಯಿತು. ಗಿರಣಿಯನ್ನು ತಿರುಗಿಸಲು ನದಿಯ ನೀರು ಬೇಕು. ಆದ್ದರಿಂದ ಜಲಚಕ್ರ, ಮುಂದೆ ಜಲ ಟರ್ಬೈನು. ಸರೋವರಗಳ ನಾಡಾದ್ದರಿಂದ 1830ರ ದಶಕದಿಂದ ಉಗಿ ಹಡಗುಗಳು. ಒಂದು ಕಸುಬು ಇನ್ನೊಂದನ್ನು ಹೆತ್ತ ಈ ಕ್ರಮದಲ್ಲಿ ಯಾರದೂ ದೂರದೃಷ್ಟಿ ನಮಗೆ ಕಾಣುವುದಿಲ್ಲ. ಎದುರಿಗೆ ಬಂದ ಕೊರತೆಗೆ ಕೈಗೆ ಸಿಕ್ಕ ಉತ್ತರ ಕೊಟ್ಟವರ ಜಾಣತನವಷ್ಟೇ ಕಾಣುತ್ತದೆ.

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ಹೈನ್ರಿಕ್ ಝೋಯಿಲಿ ಎಂಬ ಎಂಜಿನಿಯರ್ ಇದ್ದರು. ಹುಟ್ಟಿದ್ದು ಮೆಕ್ಸಿಕೋದಲ್ಲಿ, ಮನೆತನ ಸ್ವಿಸ್. ಅನಿವಾಸಿಗಳ ಮಗ ಎಂದು ನಾವು ಸಲುಗೆಯಿಂದ ಹೇಳಬಹುದು. ಅವರ ಹೆಸರಿನ ಉಗಿ ಟರ್ಬೈನು ಯುರೋಪಿನಾದ್ಯಂತ ಪ್ರಸಿದ್ಧವಾಯಿತು. 1912ರಲ್ಲಿ ಅವರು ಇನ್ನೊಂದು ಪೇಟೆಂಟು ಪಡೆದರು: ನೆಲದೊಳಗಿನ ಶಾಖವನ್ನು ಕಂಪ್ರೆಸರಿನ ನೆರವಿನಿಂದ ಮೇಲೆತ್ತಿ ಮನೆಗಳನ್ನು ಬಿಸಿಮಾಡುವ ವಿಧಾನಕ್ಕೆ. ಆಗ ಅದು ಕಾಗದದ ಮೇಲೆಯೇ ಉಳಿಯಿತು.

ಟರ್ಬೈನು ಮತ್ತು ಕಂಪ್ರೆಸರು ಒಂದೇ ಕಾರ್ಖಾನೆಯಲ್ಲಿ ಹುಟ್ಟುವುದೇಕೆಂದು ಕೇಳುವವರಿಗೆ ಒಂದು ಮಾತು. ಟರ್ಬೈನು ಹರಿವ ನೀರಿನಿಂದಲೋ ಉಗಿಯಿಂದಲೋ ಬಿಸಿ ಅನಿಲದಿಂದಲೋ ಶಕ್ತಿಯನ್ನು ಕಸಿದು ಅಚ್ಚನ್ನು ತಿರುಗಿಸುತ್ತದೆ. ಕಂಪ್ರೆಸರಿನಲ್ಲಿ ತಿರುಗುವ ಅಚ್ಚು ತನ್ನ ಶಕ್ತಿಯನ್ನು ಗಾಳಿಗೆ ಕೊಟ್ಟು ಅದನ್ನು ಅದುಮುತ್ತದೆ. ಒಂದನ್ನು ತಿರುವಿ ಹಾಕಿದರೆ ಇನ್ನೊಂದು. ಅಲಗುಗಳ ಬಾಗನ್ನು ತಿದ್ದಬಲ್ಲ ಕೈಗೆ ಎರಡೂ ಒಲಿಯುತ್ತವೆ. ನಮ್ಮ ಸಿಂಗಪುರದ ವಿದ್ಯುತ್ತಿನ ಬಹುಪಾಲು ನೈಸರ್ಗಿಕ ಅನಿಲವನ್ನು ಉರಿಸುವ ಗ್ಯಾಸ್ ಟರ್ಬೈನುಗಳಿಂದ ಬರುತ್ತದೆಂಬುದು ನಿಮಗೆ ತಿಳಿದದ್ದೇ. ಅಂತಹ ಯಂತ್ರದೊಳಗೆ ಎರಡೂ ಒಂದೇ ಅಚ್ಚಿನ ಮೇಲೆ ಕುಳಿತಿರುತ್ತವೆ. ಟರ್ಬೈನು ಗಳಿಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಂಪ್ರೆಸರೇ ತಿಂದುಬಿಡುತ್ತದೆ. ಉಳಿದದ್ದು ನಮ್ಮ ಮನೆಯ ದೀಪಕ್ಕೆ.

1930ರ ದಶಕದ ಆರ್ಥಿಕ ಕುಸಿತದಲ್ಲಿ ಎಶರ್ ವಿಸ್ ಮುಳುಗುವ ಹಂತಕ್ಕೆ ಬಂದಿತು. ಜ್ಯೂರಿಕ್ ನಗರವೂ ಪ್ರಾಂತ ಸರ್ಕಾರವೂ ಕೈಕೊಟ್ಟು ಎತ್ತಿದವು. ಹಾಗೆ ಉಳಿದ ಕಾರ್ಖಾನೆಯು ಆ ದಶಕ ಮುಗಿಯುವುದರೊಳಗೆ ಎರಡು ದೊಡ್ಡ ಕೆಲಸಗಳನ್ನು ಮಾಡಿತು. ಜಾಕೊಬ್ ಅಕೆರೆಟ್ ಮತ್ತು ಕುರ್ಟ್ ಕೆಲ್ಲರ್ ಅವರ ಕಲ್ಪನೆಯ, ಒಂದೇ ಗಾಳಿಯನ್ನು ಮತ್ತೆ ಮತ್ತೆ ಸುತ್ತಿಸುವ ಮುಚ್ಚಿದ ಆವರ್ತದ ಗ್ಯಾಸ್ ಟರ್ಬೈನು 1939ರಲ್ಲಿ ಸಿದ್ಧವಾಯಿತು. ಅದಕ್ಕೂ ಮುಂಚೆ, 1938ರಲ್ಲಿ, ಜ್ಯೂರಿಕ್‌ನ ಹಳೆಯ ಪುರಭವನಕ್ಕೆ ಒಂದು ಶಾಖ ಪಂಪನ್ನು ಕೂಡಿಸಲಾಯಿತು. ಹೊರಗೆ ಹರಿಯುವ ಲಿಮ್ಮಾಟ್ ನದಿಯ ತಣ್ಣನೆಯ ನೀರಿನಿಂದಲೇ ಶಾಖವನ್ನು ಹೀರಿ, ಕಂಪ್ರೆಸರಿನಲ್ಲಿ ಅದುಮಿ, ಸಭಾಂಗಣವನ್ನು ಬೆಚ್ಚಗಿಟ್ಟ ಆ ಯಂತ್ರ 2001ರವರೆಗೆ, ಅಂದರೆ 63 ವರ್ಷ ದುಡಿಯಿತು.

ಇದನ್ನೇ ಹಿಂದುಮುಂದಾಗಿ ನಡೆಸಿದರೆ ನಮ್ಮ ಏರ್‌ಕಾನ್. ಲೀ ಕ್ವಾನ್ ಯೂ ಅವರು ಶತಮಾನದ ಅತಿ ಮುಖ್ಯ ಆವಿಷ್ಕಾರಗಳಲ್ಲಿ ಹವಾನಿಯಂತ್ರಣವನ್ನು ಎಣಿಸುತ್ತಿದ್ದರೆಂಬುದು ಇಲ್ಲಿನ ಪ್ರತಿ ಮಗುವಿಗೂ ಗೊತ್ತು. ಮರೀನಾ ಬೇ ಪ್ರದೇಶದ ಕಟ್ಟಡಗಳಿಗೆ ನೆಲದಡಿಯ ಕೊಳವೆಗಳಲ್ಲಿ ತಣ್ಣೀರನ್ನು ಕಳುಹಿಸುವ ಸಾಮೂಹಿಕ ಸ್ಥಾವರದ ಹೃದಯವೂ ಕಂಪ್ರೆಸರೇ. ವೈದ್ಯರಾಗಿ ನಾವು ಇನ್ನೊಂದನ್ನು ಸೇರಿಸಬೇಕು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹಗಲಿರುಳು ಓಡುವ ಕಂಪ್ರೆಸರುಗಳಿರುತ್ತವೆ. ವಾತಾವರಣದ ಸುಮಾರು ನಾಲ್ಕು ಪಟ್ಟು ಒತ್ತಡದಲ್ಲಿ ಶುದ್ಧ ಗಾಳಿಯನ್ನು ಗೋಡೆಯ ಕೊಳವೆಗಳಿಗೆ ತುಂಬುವುದು ಅವುಗಳ ಕೆಲಸ. ಅದರಿಂದಲೇ ಎಷ್ಟೋ ವೆಂಟಿಲೇಟರುಗಳು ಉಸಿರಾಡಿಸುತ್ತವೆ. 2020ರ ಆ ತಿಂಗಳುಗಳಲ್ಲಿ ಜನ ನಮಗೆ ಚಪ್ಪಾಳೆ ತಟ್ಟಿದರು. ನೆಲಮಾಳಿಗೆಯ ಎಂಜಿನಿಯರಿಗೆ ಯಾರೂ ತಟ್ಟಲಿಲ್ಲ.

ಆದರೆ ಅದುಮಿದ ಗಾಳಿಯ ಕಥೆಗೆ ಇನ್ನೊಂದು ಮುಖವಿದೆ. ಅದನ್ನು ಬಿಟ್ಟು ಬರೆದರೆ ಈ ಲೇಖನವೂ ನವೆಂಬರ್ ಸಂದೇಶದ ಜಾತಿಗೇ ಸೇರೀತು. ಶಿವನಸಮುದ್ರದ ವಿದ್ಯುತ್ ಕೋಲಾರವನ್ನು ಸೇರಿದಾಗ ಅಲ್ಲಿ ಮಾಡಿದ್ದೇನು? ಅದುವರೆಗೆ ಕಲ್ಲಿದ್ದಲು, ಸೌದೆಗಳ ಉಗಿಯಿಂದ ನಡೆಯುತ್ತಿದ್ದ ಅದಿರು ಕುಟ್ಟುವ ಯಂತ್ರಗಳನ್ನೂ ಕಂಪ್ರೆಸರುಗಳನ್ನೂ ತಿರುಗಿಸಿತು. ಕಂಪ್ರೆಸರಿನ ಗಾಳಿ ಕೊಳವೆಗಳಲ್ಲಿ ಭೂಮಿಯ ಆಳಕ್ಕಿಳಿದು ಬಂಡೆ ಕೊರೆಯುವ ಯಂತ್ರಗಳಿಗೆ ಬಲ ಕೊಟ್ಟಿತು. ಉಳಿಯಲ್ಲಿ ಕೈಯಾರೆ ಕೊರೆಯುವಾಗ ಏಳುವ ಧೂಳಿಗೂ ಯಂತ್ರ ಕೊರೆದಾಗ ಏಳುವ ಧೂಳಿಗೂ ಅಜಗಜಾಂತರ. ಕಣ್ಣಿಗೆ ಕಾಣದಷ್ಟು ನುಣ್ಣನೆಯ ಸಿಲಿಕಾ ಕಣಗಳು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಇಳಿಯುತ್ತವೆ. ಅವುಗಳನ್ನು ನುಂಗಿದ ರಕ್ಷಕ ಜೀವಕೋಶ ತಾನೇ ಸಾಯುತ್ತದೆ, ಕಣ ಹೊರಬಿದ್ದು ಮುಂದಿನ ಕೋಶವನ್ನು ಕೊಲ್ಲುತ್ತದೆ. ವರ್ಷಗಳು ಉರುಳಿದಂತೆ ಶ್ವಾಸಕೋಶ ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಇದೇ ಸಿಲಿಕೋಸಿಸ್. ಇದಕ್ಕೆ ಅಂದೂ ಮದ್ದಿರಲಿಲ್ಲ, ಇಂದೂ ಗುಣಪಡಿಸುವ ಮದ್ದಿಲ್ಲ. ಮೇಲಾಗಿ ಅಂತಹ ಶ್ವಾಸಕೋಶವನ್ನು ಕ್ಷಯ ಬಹು ಬೇಗ ಹಿಡಿಯುತ್ತದೆ.

ಭಾರತದಲ್ಲಿ ಈ ರೋಗದ ಮೊದಲ ದೊಡ್ಡ ವರದಿ ಬಂದದ್ದು ಕೋಲಾರದ ಗಣಿಗಳಿಂದಲೇ, 1947ರಲ್ಲಿ. ಎದೆಯ ಎಕ್ಸ್-ರೇ ತೆಗೆದಾಗ ರೋಗಿಗಳ ಸಂಖ್ಯೆ ಸಾವಿರಗಳಲ್ಲಿತ್ತು. ಕೊರೆಯುವಾಗ ನೀರು ಹಾಯಿಸಿ ಧೂಳನ್ನು ಅಡಗಿಸುವ ವಿಧಾನ, ಗಾಳಿಯಾಡುವ ವ್ಯವಸ್ಥೆ, ನಿಯತಕಾಲಿಕ ತಪಾಸಣೆ, ಪರಿಹಾರದ ನಿಯಮ ಇವೆಲ್ಲ ಕ್ರಮೇಣ ಬಂದವು. 3 ಕಿಲೋಮೀಟರಿಗೂ ಮೀರಿದ ಆಳದ ಬೇಗೆಯಲ್ಲಿ ಮನುಷ್ಯನು ಬದುಕಿ ದುಡಿಯಲು ಗಾಳಿಯನ್ನು ತಂಪುಮಾಡಿ ಕೆಳಗಿಳಿಸಬೇಕಾಯಿತು, ಅಲ್ಲಿಯೂ ಕಂಪ್ರೆಸರು. ಪುಪ್ಪುಸವನ್ನು ಕೆಡಿಸಿದ ಯಂತ್ರದ ದಾಯಾದಿಯೇ ಉಸಿರನ್ನೂ ಕೊಟ್ಟಿತು. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಬೆಂಗಳೂರಿಗೆ ದೀಪ ಬಂದದ್ದು 1905ರ ಆಗಸ್ಟಿನಲ್ಲಿ, ಗಣಿಗೆ ಬಂದ ಮೂರು ವರ್ಷದ ಮೇಲೆ. ಆ ದೀಪವನ್ನು ಎಲ್ಲರೂ ನೆನೆಯುತ್ತಾರೆ. ಗಣಿಯ ಗಿರಾಕಿ ಇಲ್ಲದಿದ್ದರೆ ಯೋಜನೆಯೇ ಕೈಗೂಡುತ್ತಿರಲಿಲ್ಲವಾದ್ದರಿಂದ, ಕೊರೆದವರ ಎದೆಗೂಡಿನಿಂದ ಹಾದುಬಂದ ಬೆಳಕು ಅದೆಂದು ನಾವು ತಿಳಿದಿದ್ದೇವೆ.

ಅಜ್ಜನ ಪ್ರಶ್ನೆಗೆ ಬರೋಣ: 'ಆ ಕಂಪನಿ ಈಗ್ಲೂ ಐತೇನು?'

ವಿಂಟರ್ಥೂರ್ ಪಟ್ಟಣದಲ್ಲಿ 1834ರಿಂದ ಇದ್ದ ಝುಲ್ಟ್ಸರ್ ಕಂಪನಿಯು 1969ರಲ್ಲಿ ಎಶರ್ ವಿಸ್ ಅನ್ನು ಕೊಂಡಿತು. ಅನಂತರ ದಾಯಭಾಗ. ಜಲ ಟರ್ಬೈನಿನ ವಿಭಾಗ 1999ರಲ್ಲಿ ಆಸ್ಟ್ರಿಯದ ವಿಎ ಟೆಕ್ ಪಾಲಾಯಿತು, 2006ರಲ್ಲಿ ಅಲ್ಲಿಂದ ಆಂಡ್ರಿಟ್ಸ್ ಕಂಪನಿಗೆ ಹೋಯಿತು. ಕಂಪ್ರೆಸರಿನ ವಿಭಾಗ 2001ರಲ್ಲಿ ಜರ್ಮನಿಯ ಮಾನ್ ಬಳಗವನ್ನು ಸೇರಿತು. ಆ ಬಳಗ 2010ರಲ್ಲಿ ಮಾನ್ ಡೀಸೆಲ್ ಅಂಡ್ ಟರ್ಬೋ, 2018ರಲ್ಲಿ ಮಾನ್ ಎನರ್ಜಿ ಸೊಲ್ಯೂಶನ್ಸ್, 2025ರಲ್ಲಿ ಎವರ್‌ಲೆನ್ಸ್ ಎಂದು ಹೆಸರು ಬದಲಿಸುತ್ತ ಬಂದಿದೆ. ನಮ್ಮ ಬಂದರಿಗೆ ಬರುವ ಹಡಗುಗಳ ಎಂಜಿನುಗಳಿಂದಾಗಿ ಇಲ್ಲಿನ ಕೆಲವು ಸದಸ್ಯರಿಗೆ ಆ ಬಳಗದ ಪರಿಚಯ ನಮಗಿಂತ ಚೆನ್ನಾಗಿರಬಹುದು. ಜ್ಯೂರಿಕ್‌ನ ಅದೇ ಬಡಾವಣೆಯಲ್ಲಿ ಇಂದೂ ಕಂಪ್ರೆಸರುಗಳು ತಯಾರಾಗುತ್ತವೆ.

ಬಿಲ್ಲೆಯ ಮೇಲೆ ಇನ್ನೊಂದು ಸ್ವಿಸ್ ಹೆಸರಿದ್ದಿದ್ದರೂ ಗತಿ ಬೇರೆಯಲ್ಲ. ಬಾಡೆನ್ನಿನ ಬ್ರೌನ್ ಬೊವೇರಿ 1988ರಲ್ಲಿ ಸ್ವೀಡನ್ನಿನ ಅಸಿಯಾ ಜೊತೆ ಕೂಡಿ ಎಬಿಬಿ ಆಯಿತು. ಅದರ ಟರ್ಬೈನುಗಳು ಆಲ್ಸ್ಟಮ್ ಕಂಪನಿಗೂ, 2015ರಲ್ಲಿ ಜನರಲ್ ಎಲೆಕ್ಟ್ರಿಕ್‌ಗೂ ಹೋದವು. ಝುಲ್ಟ್ಸರ್ ಇದೆ, ಆದರೆ ಆ ಕಸುಬು ಅದರ ಕೈಯಲ್ಲಿಲ್ಲ. ಇನ್ನು ಶಿವನಸಮುದ್ರಕ್ಕೆ ವಿದ್ಯುಜ್ಜನಕಗಳನ್ನು ಕೊಟ್ಟ ಜನರಲ್ ಎಲೆಕ್ಟ್ರಿಕ್ ಕೂಡ ಮೂರು ಪಾಲಾಗಿದೆ. 2023ರಲ್ಲಿ ಬೇರೆಯಾದ ಪಾಲು ವೈದ್ಯಕೀಯ ಯಂತ್ರಗಳದು. ನಾವು ದಿನವೂ ಓದುವ ಸ್ಕ್ಯಾನುಗಳನ್ನು ತೆಗೆಯುವ ಯಂತ್ರಗಳಲ್ಲಿ ಕೆಲವು ಆ ಮನೆಯವೇ. ಬೆಂಗಳೂರು ಪೀಣ್ಯದ ತ್ರಿವೇಣಿ ಟರ್ಬೈನ್ ಕಂಪನಿಯು ಅದೇ ಜನರಲ್ ಎಲೆಕ್ಟ್ರಿಕ್ ಜೊತೆ 2010ರಲ್ಲಿ ಜಂಟಿ ಉದ್ಯಮವನ್ನು ಕಟ್ಟಿ, ಮುಂದೆ ವ್ಯಾಜ್ಯವಾಗಿ, 2021ರಲ್ಲಿ ಇತ್ಯರ್ಥ ಮಾಡಿಕೊಂಡು ತನ್ನ ದಾರಿ ಹಿಡಿಯಿತು. ಸಕ್ಕರೆ ಕಾರ್ಖಾನೆಗಳಿಗೂ ಕಾಗದದ ಗಿರಣಿಗಳಿಗೂ ಬೇಕಾದ ಉಗಿ ಟರ್ಬೈನುಗಳು ಇಂದು ಪೀಣ್ಯದಿಂದಲೂ ಸೋಂಪುರದಿಂದಲೂ ಪರದೇಶಗಳಿಗೆ ಹೋಗುತ್ತವೆ. 1902ರ ಆನೆಗಳ ದಿಕ್ಕು ತಿರುಗಿತೆಂದು ಹೇಳುವ ಆಸೆಯಾಗುತ್ತದೆ. ಅದು ಸ್ವಲ್ಪ ಅತಿಶಯೋಕ್ತಿಯೇ ಸರಿ.

ಈ ವಂಶಾವಳಿಯನ್ನೆಲ್ಲ ನಾವು ಒಂದು ಹಾಳೆಯ ಮೇಲೆ ದಪ್ಪಕ್ಷರಗಳಲ್ಲಿ ಬರೆದು ಯಜಮಾನರಿಗೆ ಕೊಟ್ಟೆವು. ಕಿವಿಯಲ್ಲಿ ಕೂಗಿ ಹೇಳುವಂಥದಾಗಿರಲಿಲ್ಲ. ಅವರು ನಿಧಾನವಾಗಿ ಓದಿ, 'ಅಂದ್ರೆ ಮಿಷಿನ್ ಇದೆ, ಮನೆತನ ಇಲ್ಲ' ಎಂದರು. ಮಗನಿಗೆ ನಾವು ಹೇಳಬೇಕಾದುದು ಬೇರೆ ಇತ್ತು. ಅವರ ಶ್ರವಣ ನಕ್ಷೆಯಲ್ಲಿ 4,000 ಹರ್ಟ್ಸ್ ಬಳಿ ಆಳವಾದ ಕೊರಕಲಿತ್ತು. ಮುಪ್ಪಿನ ಕಿವುಡು ಹಾಗಿರುವುದಿಲ್ಲ. ಶಬ್ದದ ಪೆಟ್ಟು ತಿಂದ ಕಿವಿಯ ಗುರುತು ಅದು. ಒಳಗಿವಿಯ ಕೂದಲು ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಶ್ರವಣ ಸಾಧನದಿಂದ ಅವರಿಗೆ ಮೊಮ್ಮಗಳ ಮಾತು ಸ್ವಲ್ಪಮಟ್ಟಿಗೆ ಕೇಳುವಂತಾಯಿತು, ಅಷ್ಟೇ.

ಟುವಾಸ್, ಜುರಾಂಗ್ ದ್ವೀಪ, ಹಡಗುಕಟ್ಟೆಗಳಲ್ಲಿ ದುಡಿಯುವ ನಮ್ಮ ಸದಸ್ಯರು ಬಹಳ ಮಂದಿ ಇದ್ದಾರೆ. ಸಿಂಗಪುರದಲ್ಲಿ ವರದಿಯಾಗುವ ವೃತ್ತಿಜನ್ಯ ರೋಗಗಳಲ್ಲಿ ಶಬ್ದದಿಂದ ಬರುವ ಕಿವುಡು ಮುಂಚೂಣಿಯಲ್ಲಿದೆ. ದಿನಕ್ಕೆ ಎಂಟು ಗಂಟೆಗೆ 85 ಡೆಸಿಬೆಲ್ ಇಲ್ಲಿನ ಮಿತಿ. ಮಿತಿ ಮೀರಿದ ಜಾಗಗಳಲ್ಲಿ ಕಿವಿ ಪರೀಕ್ಷೆ ಮಾಡಿಸುವುದು ಮಾಲೀಕರ ಕರ್ತವ್ಯ; ಆ ಪರೀಕ್ಷೆಯ ಫಲಿತಾಂಶದ ಪ್ರತಿಯನ್ನು ಕೇಳಿ ಪಡೆದು ಇಟ್ಟುಕೊಳ್ಳಿ. ಮುಂದಿನ ಶಿಬಿರಕ್ಕೆ ತಂದರೆ ನಾವು ಓದಿ ಹೇಳುತ್ತೇವೆ. ಮನೆಯವರು ಟಿವಿಯ ಸದ್ದು ಹೆಚ್ಚಾಯಿತೆಂದು ಗೊಣಗತೊಡಗಿದ್ದರೆ ಶಿಬಿರದವರೆಗೂ ಕಾಯಬೇಡಿ.

ಹುಡುಗನಿಗೂ ಉತ್ತರ ಕೊಡಬೇಕಿತ್ತು. ಮುಂದಿನ ರಾಜ್ಯೋತ್ಸವದ ಚಿತ್ರಪಟಕ್ಕೆ ಸಾಂಸ್ಕೃತಿಕ ಸಮಿತಿಯವರು ನಮ್ಮ ಸಲಹೆಯಂತೆ ಎರಡು ಚಿತ್ರಗಳನ್ನು ಸೇರಿಸಲು ಒಪ್ಪಿದ್ದಾರೆ. ಒಂದು, ಈಗ 42 ಮೆಗಾವಾಟಿನ ಸಾಮರ್ಥ್ಯದೊಡನೆ ಕರ್ನಾಟಕ ವಿದ್ಯುತ್ ನಿಗಮದ ಕೈಯಲ್ಲಿ ನಡೆಯುತ್ತಿರುವ, ಶೇಷಾದ್ರಿ ಅಯ್ಯರ್ ಅವರ ಹೆಸರು ಹೊತ್ತ ಶಿವನಸಮುದ್ರದ ಸ್ಥಾವರ. ಇನ್ನೊಂದು, ಜ್ಯೂರಿಕ್‌ನಲ್ಲಿ ಎಶರ್ ವಿಸ್ ಹಡಗು ಕಟ್ಟುತ್ತಿದ್ದ ದೊಡ್ಡ ಕೊಟ್ಟಿಗೆ. ಅದು 2000ದಿಂದ ನಾಟಕಶಾಲೆಯಾಗಿದೆ. ಅದರ ಸಮೀಪದ ವೃತ್ತಕ್ಕೂ ಟ್ರಾಮ್ ನಿಲ್ದಾಣಕ್ಕೂ ಎಶರ್ ವಿಸ್ ಎಂದೇ ಹೆಸರು.